‘ಬೇಡ’ ಎಂದ ಅಜ್ಜಿಯ ಮೂರನೆಯ ಕಾರಣ

ಹೊಳಲೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಬೆಳಗಿನ ಹೊತ್ತು ಸೊಪ್ಪು ಮಾರುವ ಅಜ್ಜಿಯೊಬ್ಬರಿದ್ದಾರೆ. ವಯಸ್ಸು ಕೇಳಿದರೆ ‘ಎಪ್ಪತ್ತೋ ಎಪ್ಪತ್ತೆರಡೋ’ ಎನ್ನುತ್ತಾರೆ. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ವಿಷಯದಲ್ಲೇ ಡುಮ್ಕಿ ಹೊಡೆದವನು. ಹಾಗಾಗಿ ಅಜ್ಜಿಗೂ ನನಗೂ ಸಲಿಗೆ ಸ್ವಲ್ಪ ಹೆಚ್ಚು. ಹೋದ ಮಳೆಗಾಲದಲ್ಲಿ ಒಂದು ದಿನ ಹರಿವೆ ಸೊಪ್ಪಿನ ಕಟ್ಟು ಕೈಗೆತ್ತಿಕೊಂಡಾಗ ಅವರ ಮೀನಖಂಡದ ಮೇಲೆ ಒಣಗುತ್ತಿದ್ದ ಹಲ್ಲಿನ ಗಾಯ ಕಣ್ಣಿಗೆ ಬಿತ್ತು.

‘ಏನಜ್ಜಿ ಇದು?’

‘ನಾಯಿ ಕಣ್ರೀ ಮೇಷ್ಟ್ರೇ. ಕಡ್ದು ಒಂಬತ್ತು ದಿನ ಆತು.’

‘ಇಂಜೆಕ್ಷನ್?’

‘ಎಲ್ಡು ಹಾಕ್ಸೀನಿ. ಇನ್ನೆಲ್ಡು ಐತಂತೆ. ಗಾಯ ಮಾಯ್ತಲ್ಲ, ಇನ್ಯಾಕೆ? ಬ್ಯಾಡ.’

ಹೇಳಿಕೇಳಿ ನಾನು ವಿಜ್ಞಾನದ ಮೇಷ್ಟ್ರು. ನಾಲಗೆಯ ತುದಿಗೆ ಒಂದು ಪೀರಿಯಡ್ಡಿನ ಪಾಠ ಬಂದು ನಿಂತಿತು. ಹುಚ್ಚುನಾಯಿ ರೋಗದ ವೈರಸ್ಸಿಗೂ ಚರ್ಮದ ಗಾಯ ಒಣಗುವುದಕ್ಕೂ ಸಂಬಂಧವೇ ಇಲ್ಲ. ಅದು ನರದೊಳಕ್ಕೆ ಹೊಕ್ಕು ಸದ್ದಿಲ್ಲದೆ ಮೆದುಳಿನತ್ತ ಪ್ರಯಾಣ ಹೊರಡುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅದು ಮೆದುಳು ಮುಟ್ಟುವ ಮೊದಲು ದೇಹದಲ್ಲಿ ಪ್ರತಿಕಾಯಗಳು ತಯಾರಾಗಿ ನಿಂತಿರಬೇಕು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಬದುಕಿದವರು ಇಲ್ಲವೆಂದೇ ಹೇಳಬೇಕು. ಮೊದಲ ಇಂಜೆಕ್ಷನ್ನಿನ ದಿನವನ್ನು ಸೊನ್ನೆ ಎಂದು ಲೆಕ್ಕ ಹಿಡಿದು ಸೊನ್ನೆ, ಮೂರು, ಏಳು, ಇಪ್ಪತ್ತೆಂಟು, ಹೀಗೆ ತೋಳಿನ ಚರ್ಮದೊಳಕ್ಕೆ ಚುಚ್ಚುವ ನಾಲ್ಕು ಸರದಿಯ ಕ್ರಮವಿರುವುದು ಇದಕ್ಕಾಗಿಯೇ. ಮಾಂಸಖಂಡಕ್ಕೆ ಕೊಡುವುದಾದರೆ ಹದಿನಾಲ್ಕನೆಯ ದಿನವೂ ಸೇರಿ ಐದು.

ಪಾಠವೇನೋ ಸರಿಯಾದದ್ದೇ. ಆದರೆ ಅದನ್ನು ನುಂಗಿಕೊಂಡೆ. ಯಾಕೆಂದು ಮುಂದೆ ಹೇಳುತ್ತೇನೆ. ಸೊಪ್ಪಿನ ಚೀಲದ ಪಕ್ಕದ ಕಟ್ಟೆಯ ಮೇಲೆ ಕೂತು ಒಂದೇ ಮಾತು ಕೇಳಿದೆ: ‘ಏಳನೇ ದಿನ ಏನಾತು ಅಜ್ಜಿ?’

‘ಅವತ್ತು ಭೀಮನ ಅಮಾಸೆ ಅಲ್ವಾ? ಅಮಾಸೆ ದಿನ ಸೂಜಿ ಚುಚ್ಚಿಸ್ಕಂತಾರಾ?’

ಸರಿ, ಇದು ಎರಡನೆಯ ಕಾರಣ. ‘ಅಮಾಸೆ ಕಳೆದು ಎಲ್ಡು ದಿನ ಆತಲ್ಲ?’ ಎಂದೆ. ಅಜ್ಜಿ ಸೊಪ್ಪಿಗೆ ನೀರು ಚಿಮುಕಿಸಿದರು. ಒಂದು ಗಿರಾಕಿ ಬಂದು ಹೋಯಿತು. ಮೆಂತ್ಯದ ಕಟ್ಟನ್ನು ಅತ್ತಿಂದಿತ್ತ ಇಟ್ಟರು. ಆಮೇಲೆ, ಇದೇನು ದೊಡ್ಡ ವಿಷಯವಲ್ಲ ಎನ್ನುವ ಹಾಗೆ ಹೇಳಿದರು:

‘ಸೊಸೆ ನಾಟಿಗೆ ಹೋಗ್ತಾಳೆ. ಎಂಟೂವರೆಗೆ ಟ್ರ್ಯಾಕ್ಟರ್ ಬರ್ತತಿ. ಅಷ್ಟೊತ್ತಿಗೆ ನಾನು ಮನೇಲಿರ್ಬೇಕು, ಮಗೀನ ನೋಡ್ಕಳಾಕೆ. ಆಸ್ಪತ್ರೆ ತೆಗಿಯೋದು ಒಂಬತ್ತಕ್ಕೆ.’

ನೋಡಿ, ಇಷ್ಟೇ. ಬೆಳಿಗ್ಗೆ ಆರಕ್ಕೆ ಹಾಲಿನ ಆಟೋದಲ್ಲಿ ಬಂದು, ಎಂಟಕ್ಕೆ ಚೀಲ ಮಡಚಿ, ಮೂರು ಮೈಲಿ ಒಳಗಿನ ತಮ್ಮ ಹಳ್ಳಿಗೆ ಮರಳಬೇಕಾದ ಹೆಂಗಸು. ಆಸ್ಪತ್ರೆ ಕೂಗಳತೆಯ ದೂರದಲ್ಲೇ ಇದೆ. ಅಡ್ಡ ನಿಂತದ್ದು ಮೌಢ್ಯವೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ಎಂಟೂವರೆಗೂ ಒಂಬತ್ತಕ್ಕೂ ನಡುವಿನ ಅರ್ಧ ಗಂಟೆ. ಮೊದಲ ಇಂಜೆಕ್ಷನ್ನಿನ ದಿನ ಮಗ ಕೆಲಸಕ್ಕೆ ರಜೆ ಹಾಕಿದ್ದ. ರಕ್ತ ಬಂದ ಗಾಯವಾದ್ದರಿಂದ ಅದರ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗಿ ಶಿವಮೊಗ್ಗಕ್ಕೂ ಕರೆದುಕೊಂಡು ಹೋಗಿದ್ದ. ಎರಡನೆಯದರ ದಿನ ಸೊಸೆ ಮನೆಯಲ್ಲಿದ್ದಳು. ಮೂರನೆಯದರ ಹೊತ್ತಿಗೆ ನಾಲೆಯಲ್ಲಿ ನೀರು ಬಂದು ಊರೆಲ್ಲ ನಾಟಿಗೆ ಬಿದ್ದಿತ್ತು. ನಾಟಿಯ ಕೂಲಿ ವರ್ಷದಲ್ಲಿ ಕೆಲವೇ ವಾರ ಸಿಗುವಂಥದ್ದು. ಮಾಯುತ್ತಿರುವ ಗಾಯಕ್ಕಾಗಿ ಸೊಸೆಯ ಒಂದು ದಿನದ ಕೂಲಿ ಕಳೆಯಲು ಅಜ್ಜಿಗೆ ಮನಸ್ಸು ಬರಲಿಲ್ಲ. ಅದನ್ನು ಹಾಗೆಂದು ಯಾರಿಗೂ ಹೇಳಿಕೊಳ್ಳಲೂ ಇಲ್ಲ. ‘ಬ್ಯಾಡ’ ಎಂದರು, ಮುಗಿಯಿತು.

ಅಜ್ಜಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರ ಹಳ್ಳಿಗೆ ಹೋದೆ. ಮೂರು ವರ್ಷದ ಮೊಮ್ಮಗನನ್ನು ಮುಂದೆ ನಿಲ್ಲಿಸಿಕೊಂಡು ವಾಪಸು ಬಂದೆ. ಸೊಸೆ ಟ್ರ್ಯಾಕ್ಟರ್ ಹತ್ತಿದಳು. ಒಂಬತ್ತೂಕಾಲಿಗೆ ಕೆಲಸ ಆಗಿತ್ತು. ಹತ್ತಕ್ಕೆ ನಾನು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿದ್ದೆ. ‘ಎರಡು ದಿನ ತಡವಾಗಿದೆಯಲ್ಲ, ಮೊದಲಿನಿಂದ ಶುರು ಮಾಡಬೇಕಾ?’ ಎಂಬ ನನ್ನ ಅನುಮಾನಕ್ಕೆ ಸಿಸ್ಟರ್ ‘ಬೇಡ ಸಾರ್, ಬಿಟ್ಟಲ್ಲಿಂದ ಮುಂದುವರಿಸೋದು’ ಎಂದು ಚೀಟಿಯಲ್ಲಿ ಮುಂದಿನ ತಾರೀಖು ಬರೆದರು. ಓದುಗರೂ ಇದನ್ನು ನೆನಪಿಟ್ಟುಕೊಳ್ಳಬೇಕು. ತಾರೀಖು ತಪ್ಪಿಹೋಯಿತು, ಇನ್ನು ಹೋದರೆ ಬೈಯುತ್ತಾರೆ, ಎಲ್ಲ ಮೊದಲಿನಿಂದ ಚುಚ್ಚುತ್ತಾರೆ ಎಂದು ಹೆದರಿ ಮನೆಯಲ್ಲೇ ಉಳಿಯುವ ಹಿರಿಯರು ಬಹಳ ಮಂದಿ. ತಪ್ಪಿದ್ದು ಗೊತ್ತಾದ ದಿನವೇ ಹೋದರಾಯಿತು.

ಪಾಠವನ್ನು ನುಂಗಿಕೊಂಡೆ ಎಂದೆನಲ್ಲ, ಅದು ನಾನು ತಡವಾಗಿ ಕಲಿತದ್ದು. ಕಲಿತದ್ದಕ್ಕೆ ಬೆಲೆಯನ್ನೂ ತೆತ್ತಿದ್ದೇನೆ.

2021ರ ಮಾರ್ಚ್ ಒಂದರಿಂದ ಅರವತ್ತು ದಾಟಿದವರಿಗೆ ಕೊರೋನಾ ಲಸಿಕೆ ಶುರುವಾಯಿತು. ಊರಿನಲ್ಲಿ ಶಿಬಿರ ನಡೆದದ್ದು ಒಂದು ಶಾಲೆಯಲ್ಲಿ. ಹೆಸರು ಬರೆಸುವುದಕ್ಕೆ ಸಹಾಯ ಮಾಡಲು ನಾನೂ ಹೋಗುತ್ತಿದ್ದೆ. ಕೋವಿನ್ ಎಂಬ ಕಂಪ್ಯೂಟರ್ ವ್ಯವಸ್ಥೆ, ಮೊಬೈಲಿಗೆ ಬರುವ ಓಟಿಪಿ ಸಂಖ್ಯೆ. ಅಜ್ಜನ ಹೆಸರಿನಲ್ಲಿರುವ ಮೊಬೈಲು ಬೆಂಗಳೂರಿನಲ್ಲಿ ಮೊಮ್ಮಗನ ಜೇಬಿನಲ್ಲಿ! ಅದನ್ನೆಲ್ಲ ನಾವು ಹೇಗೋ ನಿಭಾಯಿಸಿದೆವು. ಒಂದೇ ಮೊಬೈಲ್ ಸಂಖ್ಯೆಯಲ್ಲಿ ನಾಲ್ವರ ಹೆಸರು ಬರೆಸಬಹುದಿತ್ತು. ನೇರವಾಗಿ ಬಂದವರಿಗೂ ಅವಕಾಶವಿತ್ತು. ಆಧಾರ್ ಇಲ್ಲದಿದ್ದರೆ ಚುನಾವಣಾ ಗುರುತಿನ ಚೀಟಿಯೋ ಪಿಂಚಣಿ ಪುಸ್ತಕವೋ ಸಾಕಿತ್ತು.

ಪಕ್ಕದ ಮನೆಯ ಯಜಮಾನರು ಮಾತ್ರ ಬರಲಿಲ್ಲ. ಎಪ್ಪತ್ನಾಲ್ಕು ವರ್ಷ. ಬೆಳಿಗ್ಗೆ ಎದ್ದು ತೋಟ ಸುತ್ತಿ ಬರುವ ಗಟ್ಟಿ ಆಳು. ಒಂದು ಸಂಜೆ ಅವರ ಜಗುಲಿಯ ಮೇಲೆ ಕೂತು ಮುಕ್ಕಾಲು ಗಂಟೆ ವಿವರಿಸಿದೆ. ಬಿಳಿ ರಕ್ತಕಣ, ಪ್ರತಿಕಾಯ, ಒಮ್ಮೆ ನೋಡಿದ ಶತ್ರುವಿನ ಗುರುತನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಜೀವಕೋಶ ಇತ್ಯಾದಿ. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ, ಅದು ಹರೆಯ ಕಳೆದಂತೆ ಕುಗ್ಗುತ್ತ ಬರುತ್ತದೆ, ಆದ್ದರಿಂದ ವಯಸ್ಸಾದವರಿಗೇ ಲಸಿಕೆಯ ಅಗತ್ಯ ಹೆಚ್ಚು ಎಂದೂ ಹೇಳಿದೆ. ಅವರು ತಲೆದೂಗುತ್ತ ಕೇಳಿದರು. ಕಾಫಿ ಕೊಡಿಸಿದರು. ‘ಚೆನ್ನಾಗಿ ಹೇಳಿದ್ರಿ ಮೇಷ್ಟ್ರೇ’ ಎಂದರು. ಮಾರನೆಯ ದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ‘ಇಷ್ಟು ತಿಳಿದವರಿಗೇ ಹೀಗೆ ಮೂಢನಂಬಿಕೆಯಾದರೆ...’ ಎಂದು ಮನೆಯಲ್ಲಿ ಹಲುಬಿದೆ.

ಮೂರು ವಾರ ಕಳೆದ ಮೇಲೆ ಕಾರಣ ಹೊರಬಿತ್ತು, ಅದೂ ನನ್ನ ಬಳಿಯಲ್ಲ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಅವರ ಹೆಂಡತಿಯ ಹತ್ತಿರ ಅಡಿಗೆಮನೆಯಲ್ಲಿ ಕೂತು ತಿಳಿದುಕೊಂಡು ಬಂದದ್ದು. ಯಜಮಾನರಿಗೆ ಪ್ರಾಸ್ಟೇಟಿನ ತೊಂದರೆ. ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಲೇಬೇಕು, ತಡೆಯಲಾಗದು. ಶಿಬಿರದಲ್ಲಿ ಎರಡು ಮೂರು ಗಂಟೆ ಕಾಯಬೇಕು, ಆಮೇಲೂ ಅರ್ಧ ಗಂಟೆ ಕೂರಿಸುತ್ತಾರೆ ಎಂದು ಕೇಳಿದ್ದರು. ಶಾಲೆಯ ಶೌಚಾಲಯಕ್ಕೆ ಬೀಗ ಹಾಕಿದೆ ಎಂಬುದೂ ಅವರಿಗೆ ಗೊತ್ತಿತ್ತು. ಊರಿನ ನಾಲ್ಕು ಜನರ ಮುಂದೆ ಪಂಚೆ ಒದ್ದೆಯಾದರೆ? ಅದಕ್ಕಿಂತ ಕೊರೋನಾವೇ ಬರಲಿ ಎಂದು ಕೂತಿದ್ದರು.

ಆ ಬೀಗ ಹಾಕಿಸಿದವನು ನಾನೇ. ಹೊರಗಿನ ಜನ ಬಂದು ಗಲೀಜು ಮಾಡುತ್ತಾರೆ, ಮಕ್ಕಳಿಗೆ ತೊಂದರೆಯಾಗುತ್ತದೆ ಎಂದು ಮೊದಲ ದಿನವೇ ನಾನೇ ಹೇಳಿ ಬೀಗ ಹಾಕಿಸಿ, ಕೀಲಿಯನ್ನು ಮೊಳೆಗೆ ನೇತುಹಾಕಿದ್ದೆ. ಥೈಮಸ್ ಗ್ರಂಥಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದವನಿಗೆ ಆ ಕೀಲಿ ಒಂದು ಕ್ಷಣವೂ ನೆನಪಾಗಲಿಲ್ಲ.

ಬೀಗ ತೆಗೆಸಿದೆವು. ಒಂದು ಬಕೆಟ್ ನೀರು, ಒಂದು ಚೊಂಬು ಇಡಿಸಿದೆವು. ಯಜಮಾನರಿಗೆ ಏನೂ ಹೇಳಲಿಲ್ಲ. ಹೇಳಿದರೆ ವಿಷಯ ನನಗೆ ಗೊತ್ತಾಗಿದೆ ಎಂದು ಇನ್ನಷ್ಟು ಮುದುಡಿಕೊಳ್ಳುತ್ತಿದ್ದರು. ಆಶಾ ಕಾರ್ಯಕರ್ತೆ ಅವರ ಹೆಂಡತಿಗೆ ಹೇಳಿದಳು. ‘ಮಧ್ಯಾಹ್ನ ಮೂರರ ಮೇಲೆ ಜನ ಕಡಿಮೆ’ ಎಂದೂ ಸೇರಿಸಿದಳು. ಏಪ್ರಿಲ್ ಕೊನೆಯ ವಾರ ಮೂರೂವರೆಗೆ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ನನ್ನ ಕಡೆ ನೋಡಲಿಲ್ಲ. ಈಗಲೂ ಆರೋಗ್ಯವಾಗಿದ್ದಾರೆ. ಈ ಅಂಕಣವನ್ನೂ ಓದುತ್ತಾರೆ. ಇಷ್ಟು ಬರೆಯಲು ಅವರ ಅನುಮತಿ ಪಡೆದಿದ್ದೇನೆ, ‘ಹೆಸ್ರು ಒಂದು ಬಿಟ್ಟು ಏನ್ ಬೇಕಾದ್ರೂ ಬರ್ಕೊಳ್ಳಿ’ ಎಂದಿದ್ದಾರೆ.

ಇನ್ನೊಬ್ಬರ ವಿಷಯದಲ್ಲಿ ಹಾಗಾಗಲಿಲ್ಲ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾಗಿ ಭದ್ರಾವತಿಯಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು. ಅದೇ ಮಾರ್ಚಿನಲ್ಲಿ ಫೋನಿನಲ್ಲಿ ಮಾತಾಡಿದಾಗ ‘ಹಾಕಿಸ್ಕೊಂಡ್ರಾ?’ ಎಂದು ಕೇಳಿದ್ದೆ. ‘ನೋಡೋಣ ಬಿಡಿ’ ಎಂದಿದ್ದರು. ಏಪ್ರಿಲಿನಲ್ಲಿ ಮತ್ತೆ ಕೇಳಿದಾಗಲೂ ಅದೇ ‘ನೋಡೋಣ’. ನಾನು ಎರಡು ಮಾತು ಬೈದು, ಅಂಕಿಅಂಶ ಹೇಳಿ ಫೋನ್ ಇಟ್ಟೆ. ಮೇ ತಿಂಗಳ ಎರಡನೆಯ ಅಲೆಯಲ್ಲಿ ಹೋಗಿಬಿಟ್ಟರು. ಮುಖ ನೋಡಲೂ ಆಗಲಿಲ್ಲ. ಲಸಿಕೆ ಹಾಕಿಸಿಕೊಂಡಿದ್ದರೆ ಉಳಿಯುತ್ತಿದ್ದರೆಂದು ನಾನು ಪ್ರಮಾಣ ಮಾಡಿ ಹೇಳಲಾರೆ, ಒಬ್ಬ ವ್ಯಕ್ತಿಯ ವಿಷಯದಲ್ಲಿ ವಿಜ್ಞಾನ ಹಾಗೆ ಹೇಳುವುದಿಲ್ಲ. ಆದರೆ ಆ ‘ನೋಡೋಣ’ದ ಒಳಗೆ ಏನಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಮಂಡಿ ನೋವಿತ್ತೆ, ಕರೆದುಕೊಂಡು ಹೋಗಲು ಯಾರೂ ಇರಲಿಲ್ಲವೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ? ನಾನು ಕೇಳಿರಲಿಲ್ಲ.

ನಿಜ ಹೇಳಬೇಕೆಂದರೆ ಈ ಪಾಠ ನನಗೆ ಇಪ್ಪತ್ತು ವರ್ಷ ಮೊದಲೇ ಸಿಕ್ಕಿತ್ತು, ನಾನು ಗಮನವಿಟ್ಟು ಕೇಳಿಸಿಕೊಂಡಿರಲಿಲ್ಲ. ನನ್ನ ಮೊದಲ ಪೋಸ್ಟಿಂಗ್ ಸಾಗರ ತಾಲ್ಲೂಕಿನ ಕಾಡಂಚಿನ ಒಂದು ಪ್ರೌಢಶಾಲೆಗೆ. ಮಂಗನ ಕಾಯಿಲೆಯ ಸೀಮೆ ಅದು. ಈ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಅದರ ಹೆಸರೇ ಕ್ಯಾಸನೂರು ಕಾಡಿನ ಕಾಯಿಲೆ. ಮಂಗ ಸತ್ತು ಬಿದ್ದ ಜಾಗದಲ್ಲಿ ಹರಡಿಕೊಂಡ ಉಣುಗುಗಳು, ದರಗು ಗುಡಿಸಲು, ಸೌದೆ ತರಲು ಹೋದ ಜನರಿಗೆ ಕಚ್ಚಿ ಜ್ವರ ತರುತ್ತವೆ. 1990ರ ಸುಮಾರಿನಿಂದ ಅದಕ್ಕೊಂದು ಲಸಿಕೆ ಬಳಕೆಯಲ್ಲಿತ್ತು. ತಿಂಗಳ ಅಂತರದಲ್ಲಿ ಎರಡು, ಆರು ತಿಂಗಳಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಅರವತ್ತೈದು ದಾಟಿದವರಿಗೆ ಕೊಡುತ್ತಿರಲಿಲ್ಲ. ಐವತ್ತರಿಂದ ಅರವತ್ತೈದರ ನಡುವಿನವರೇ ಹೆಚ್ಚಾಗಿ ತಪ್ಪಿಸಿಕೊಳ್ಳುತ್ತಿದ್ದರು.

ಶಾಲೆಯ ಜಗುಲಿಯಲ್ಲಿ ಶಿಬಿರ, ಹೊತ್ತು ಹನ್ನೊಂದು ಗಂಟೆ. ಆ ಹೊತ್ತಿನಲ್ಲಿ ಊರಿನಲ್ಲಿ ಇರುವವರು ನಾಯಿ ಮತ್ತು ಕೋಳಿಗಳು. ಜನರೆಲ್ಲ ಅಡಿಕೆ ಕೊಯ್ಲಿಗೆ. ಆ ಇಂಜೆಕ್ಷನ್ನಿನ ನೋವೋ ಹೆಸರುವಾಸಿ. ತೋಳು ಬಾತು ಎರಡು ದಿನ ಎತ್ತಲಾಗುತ್ತಿರಲಿಲ್ಲ. ಕೊನೆಗಾರನಿಗೆ ಎರಡು ದಿನ ತೋಳು ಎತ್ತಲಾಗದಿದ್ದರೆ ಕೂಲಿ ಹೋಯಿತು, ಅಡಿಕೆ ಸುಲಿಯುವ ಹೆಂಗಸರಿಗೂ ಅಷ್ಟೆ. ‘ಕೊಯ್ಲು ಮುಗೀಲಿ, ಹಾಕಿಸ್ಕಳಣ’ ಎನ್ನುತ್ತಿದ್ದರು. ಕಾಯಿಲೆ ಜೋರಾಗುವುದೂ ಡಿಸೆಂಬರಿನಿಂದ ಮೇವರೆಗೆ, ಅದೇ ಹಂಗಾಮಿನಲ್ಲಿ. ಅಲ್ಲಿದ್ದ ಆರೋಗ್ಯ ಸಹಾಯಕರೊಬ್ಬರು ಉಪನ್ಯಾಸ ಮಾಡುವವರಲ್ಲ, ಮಾತು ಕಡಿಮೆ. ಅವರು ಮಾಡಿದ್ದಿಷ್ಟೆ: ಶಿಬಿರವನ್ನು ಸಂಜೆ ಆರರ ಮೇಲಕ್ಕೆ ಹಾಕಿದರು, ಅದೂ ಮಾರನೆಯ ದಿನ ಕೊಯ್ಲಿಗೆ ಬಿಡುವಿದ್ದಾಗ. ಎಡಗೈಯಲ್ಲಿ ಕೆಲಸ ಮಾಡುವವರಿಗೆ ಬಲತೋಳಿಗೆ, ಬಲಗೈಯವರಿಗೆ ಎಡತೋಳಿಗೆ ಚುಚ್ಚಿದರು. ಜಗುಲಿ ತುಂಬಿತು. ಅದನ್ನು ಕಣ್ಣಾರೆ ಕಂಡೂ ನಾನು ‘ಒಳ್ಳೆಯ ಮನುಷ್ಯ’ ಎಂದುಕೊಂಡು ಸುಮ್ಮನಾದೆನೇ ಹೊರತು ಅದರಲ್ಲೊಂದು ವಿದ್ಯೆ ಇದೆ ಎಂದು ಹೊಳೆಯಲಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು. ‘ಹಾಕಿಸಿಕೊಂಡವರಿಗೂ ಜ್ವರ ಬಂದಿದೆ’ ಎಂದು ಆ ಜನ ಹೇಳುತ್ತಿದ್ದುದನ್ನು ನಾವು ಓದಿದವರು ನಗೆಯಾಡುತ್ತಿದ್ದೆವು. ಅವರು ಹೇಳುತ್ತಿದ್ದುದರಲ್ಲಿ ಸತ್ಯವಿತ್ತು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಎರಡು ಡೋಸು ತೆಗೆದುಕೊಂಡವರಿಗೆ ಸಿಕ್ಕ ರಕ್ಷಣೆ ಶೇಕಡಾ 62ರಷ್ಟು, ಬೂಸ್ಟರನ್ನೂ ತೆಗೆದುಕೊಂಡವರಿಗೆ ಶೇಕಡಾ 83ರಷ್ಟು. ಒಂದೇ ಡೋಸಿಗೆ ನಿಲ್ಲಿಸಿದವರಿಗೆ ಲಾಭ ಕಾಣಲಿಲ್ಲ. 2018ರ ಡಿಸೆಂಬರಿನಿಂದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಮಾಡಿದ ಅನಾಹುತ ಎಲ್ಲರಿಗೂ ನೆನಪಿದೆ. 2022ರ ಹೊತ್ತಿಗೆ ಆ ಹಳೆಯ ಲಸಿಕೆಯ ಬಳಕೆಯೇ ನಿಂತಿತು. ಅದರ ಬದಲು ಹೊಸದನ್ನು ತಯಾರಿಸುವ ಪ್ರಯತ್ನ ನಡೆದಿದೆ. ನಾಳೆ ಆ ಹೊಸ ಲಸಿಕೆ ಬಂದಾಗ ಕಾಡಂಚಿನ ಅಜ್ಜ ‘ಹಿಂದಿನದೂ ಹಿಂಗೇ ಅಂದಿದ್ರಿ’ ಎಂದರೆ ಅದನ್ನು ಮೌಢ್ಯ ಎನ್ನಬಾರದು. ಹಿಂದಿನದು ಎಷ್ಟು ಕೆಲಸ ಮಾಡಿತು, ಎಲ್ಲಿ ಸೋತಿತು ಎಂದು ಮೊದಲು ಒಪ್ಪಿಕೊಂಡು ಆಮೇಲೆ ಹೊಸದರ ಮಾತಾಡಬೇಕು.

ಹಿರಿಯರ ಹೆದರಿಕೆಗಳಲ್ಲೂ ಬಹಳಷ್ಟು ಹಳೆಯ ಸತ್ಯಗಳೇ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಇಂದಿಗೂ ನಡುಗುವ ಅಜ್ಜಂದಿರಿದ್ದಾರೆ. ಅದೇನು ಕಟ್ಟುಕತೆಯೆ? ಅಲ್ಲ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಲಸಿಕೆ ಅದು. ಹೊಟ್ಟೆಯ ಮೇಲೆಯೇ ಚುಚ್ಚುತ್ತಿದ್ದರು, ನೋವೂ ಇತ್ತು, ಕೆಲವೊಮ್ಮೆ ನರಗಳಿಗೆ ಅಪಾಯವೂ ಆಗುತ್ತಿತ್ತು. 2005ರ ಹೊತ್ತಿಗೆ ನಮ್ಮ ದೇಶ ಅದನ್ನು ಕೈಬಿಟ್ಟಿತು. ಈಗಿನದು ತೋಳಿಗೆ ಮಾತ್ರ. ವಯಸ್ಸು, ಸಕ್ಕರೆ ಕಾಯಿಲೆ, ಬಿ.ಪಿ. ಯಾವುದೂ ಅದಕ್ಕೆ ಅಡ್ಡಿಯಲ್ಲ. ಪಥ್ಯವೂ ಇಲ್ಲ. ಕಚ್ಚಿದ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದೇ ಚಿಕಿತ್ಸೆಯ ಮೊದಲರ್ಧ. ಸುಣ್ಣ, ಖಾರದಪುಡಿ ಮುಟ್ಟಿಸಬಾರದು.

ಮತ್ತೊಬ್ಬ ಅಜ್ಜಿ ಸೆರಗು ಸರಿಸಿ ತೋಳಿನ ಮೇಲಿನ ನಾಣ್ಯದಷ್ಟಗಲದ ಅಚ್ಚು ತೋರಿಸಿ, ‘ಚಿಕ್ಕಂದಿನಾಗೆ ದಾಕು ಹಾಕಿದ್ರಲ್ಲ, ಮತ್ತೆ ಯಾಕೆ?’ ಎಂದು ನನ್ನನ್ನು ಕೇಳಿದ್ದುಂಟು. ಎಂಥ ಒಳ್ಳೆಯ ಪ್ರಶ್ನೆ! ಅದು ಸಿಡುಬಿನದು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಜಗತ್ತಿನಿಂದಲೇ ಅದು ತೊಲಗಿತೆಂದು ಸಾರಿದರು. ‘ನಿಮ್ಮಂಥೋರ ತೋಳಿನ ಅಚ್ಚಿನಿಂದಲೇ ಅಜ್ಜಿ ಆ ರೋಗ ಓಡಿಹೋಗಿದ್ದು. ಆದ್ರೆ ಆ ಬೀಗದ ಕೈ ಬೇರೆ ಬೀಗಕ್ಕೆ ಆಗಲ್ಲ’ ಎಂದೆ. ಒಂದು ವಾಕ್ಯ. ಅಜ್ಜಿ ಅಚ್ಚನ್ನು ಒಮ್ಮೆ ಹೆಮ್ಮೆಯಿಂದ ಸವರಿಕೊಂಡು ಇನ್ನೊಂದು ತೋಳು ಕೊಟ್ಟರು.

ಲಸಿಕೆಯೆಂದರೆ ಮಕ್ಕಳದು ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಲೆಕ್ಕ ಹಾಕಿ ನೋಡಿ. ಮಕ್ಕಳಿಗೆ ದೇಶವ್ಯಾಪಿ ಲಸಿಕೆ ಹಾಕುವ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ, ಹಳ್ಳಿಹಳ್ಳಿಗೆ ಮುಟ್ಟಿಸುವ ಸಾರ್ವತ್ರಿಕ ಕಾರ್ಯಕ್ರಮ 1985ರಲ್ಲಿ. ಅಂದರೆ ಇಂದು ಅರವತ್ತು ದಾಟಿದ ರೈತನಿಗೆ ಎಳವೆಯಲ್ಲಿ ಧನುರ್ವಾಯುವಿನ ಇಂಜೆಕ್ಷನ್ ಆಗಿರುವ ಸಂಭವ ಬಹಳ ಕಡಿಮೆ. ಹೆಂಗಸರಿಗಾದರೂ ಬಸುರಿಯಿದ್ದಾಗ ಟಿ.ಟಿ. ಆಗಿರಬಹುದು. ಗಂಡಸರಿಗೆ ಗಾಯವಾದಾಗ ಹಾಕಿಸಿಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗದ್ದೆ ಕೆಸರು, ಕುಡುಗೋಲು, ಸಗಣಿಗೊಬ್ಬರದ ನಡುವೆ ಬದುಕುವವರು ಇವರೇ. ಈಗ ಟಿ.ಟಿ.ಯ ಬದಲು ಗಂಟಲುಮಾರಿಗೂ ರಕ್ಷಣೆ ಕೊಡುವ ‘ಟಿ.ಡಿ.’ ಬಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ನೋಡಿ.

ಫ್ಲೂ ಜ್ವರದ್ದು, ನ್ಯುಮೋನಿಯಾದ್ದು, ಸರ್ಪಸುತ್ತಿನದು ಕೂಡ ಹಿರಿಯರಿಗೆ ಸಲಹೆ ಮಾಡುವ ಲಸಿಕೆಗಳೇ. ಫ್ಲೂ ವೈರಸ್ಸು ವರ್ಷ ವರ್ಷ ವೇಷ ಬದಲಿಸುವುದರಿಂದ ಲಸಿಕೆಯೂ ವರ್ಷಕ್ಕೊಮ್ಮೆ. ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಏರುವುದರಿಂದ ಅದಕ್ಕೆ ಮೊದಲು ಹಾಕಿಸುವುದು ಒಳಿತು. ಸರ್ಪಸುತ್ತು ಎಂದೊಡನೆ ಕೆಮ್ಮಣ್ಣು ಹಚ್ಚಲು ಓಡುವ ನಮಗೆ, ಅದು ಚಿಕ್ಕಂದಿನಲ್ಲಿ ಬಂದು ಹೋದ ಚಿಕನ್‌ಪಾಕ್ಸಿನ ವೈರಸ್ಸೇ ನರದ ಬುಡದಲ್ಲಿ ಮಲಗಿದ್ದು ಮುಪ್ಪಿನಲ್ಲಿ ಎದ್ದದ್ದೆಂದು ಗೊತ್ತಿರುವುದಿಲ್ಲ. ಇವನ್ನು ಹೆಚ್ಚಾಗಿ ಹಣ ಕೊಟ್ಟೇ ಹಾಕಿಸಬೇಕು. ಸರ್ಪಸುತ್ತಿನದಕ್ಕೆ ಸಾವಿರಾರು ರೂಪಾಯಿ. ಇಲ್ಲಿಯೇ ಹಿರಿಯರ ಇನ್ನೊಂದು ‘ಬೇಡ’ ಬರುವುದು: ‘ನಂಗಿನ್ನೆಷ್ಟು ದಿನ, ಆ ದುಡ್ಡಿನಾಗೆ ಹುಡುಗ್ರಿಗೆ ಏನಾರ ಮಾಡು.’ ಮಗ ಇದನ್ನು ವೈರಾಗ್ಯ ಎಂದು ತಿಳಿದು ಸುಮ್ಮನಾಗುತ್ತಾನೆ. ಮಗನ ಜೇಬಿನ ಮೇಲಿನ ಕರುಣೆ ಅದು. ಯಾವುದು ಅವರಿಗೆ ನಿಜಕ್ಕೂ ಅಗತ್ಯ, ಯಾವುದು ತಡೆಯುತ್ತದೆ ಎಂದು ಡಾಕ್ಟರನ್ನು ಕೇಳಿ ನಿರ್ಧರಿಸಬೇಕಾದವನು ಮಗನೇ. ಎಪ್ಪತ್ತರ ತಾಯಿಯ ಬಾಯಲ್ಲಿ ‘ನಂಗೆ ಬೇಕು’ ಎಂದು ಹೇಳಿಸಲು ಕಾಯುತ್ತ ಕೂರಬಾರದು.

ಕೇಳುವುದೂ ಒಂದು ಕಲೆ. ಹತ್ತು ಜನರೆದುರು ‘ಯಾಕೆ ಹಾಕಿಸಿಲ್ಲ?’ ಎಂದು ಕೇಳಿದರೆ ಸಿಗುವುದು ಅಮಾವಾಸ್ಯೆಯ ಉತ್ತರವೇ. ಯಾಕೆ ಎನ್ನುವುದಕ್ಕಿಂತ ‘ಅವತ್ತು ಏನಾಯ್ತು?’, ‘ಹೋಗಬೇಕಂದ್ರೆ ಏನೇನು ಆಗಬೇಕು?’ ಎಂದರೆ ಮಾತು ಹೊರಡುತ್ತದೆ. ಗಂಡಸರ ಗುಟ್ಟು ಹೆಂಡತಿಯ ಹತ್ತಿರ ಇರುತ್ತದೆ, ಹೆಂಗಸರದ್ದು ಮಗಳ ಹತ್ತಿರ. ಔಷಧದ ಅನುಮಾನವಿದ್ದರೆ ನುಂಗುವ ಮಾತ್ರೆಗಳ ಪಟ್ಟಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮುಂದೆ ಸುರಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿದರೆ ಸಣ್ಣ ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ ಒಂದೆರಡು ನಿಮಿಷ ಒತ್ತಿ ಹಿಡಿಯುತ್ತಾರೆ. ಒಂದೆರಡು ದಿನ ಮೈಕೈ ನೋವು, ಜ್ವರ ಬರಬಹುದೆಂದು ಮುಚ್ಚಿಡದೆ ಹೇಳಿ, ಆ ದಿನ ಹಾಲು ಕರೆಯುವವರು ಯಾರು ಎಂಬುದನ್ನೂ ಆಗಲೇ ತೀರ್ಮಾನಿಸಿ. ಹಸುವಿನ ಚಿಂತೆ ಬಗೆಹರಿಯದೆ ನಮ್ಮೂರ ಅಜ್ಜಿಯರು ಸ್ವರ್ಗಕ್ಕೂ ಹೊರ‍ಡುವವರಲ್ಲ! ಹಾಸಿಗೆ ಹಿಡಿದವರ ಮನೆಗೇ ಹೋಗಿ ಕೊರೋನಾ ಲಸಿಕೆ ಹಾಕುವ ವ್ಯವಸ್ಥೆ ಬಂದದ್ದು 2021ರ ಸೆಪ್ಟೆಂಬರಿನಲ್ಲಿ, ಲಸಿಕೆ ಶುರುವಾಗಿ ಎಂಟು ತಿಂಗಳ ಮೇಲೆ. ಮೊದಲ ದಿನವೇ ಯೋಚಿಸಬೇಕಾದದ್ದು ಕೊನೆಗೆ ಬಂತು ಎಂದೇ ನನಗನ್ನಿಸುತ್ತದೆ.

ಸೊಪ್ಪಿನ ಅಜ್ಜಿಯ ಮನೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟನೆಯ ದಿನಕ್ಕೆ ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಬಂದಿದ್ದೆ. ಆ ದಿನ ಸ್ಕೂಟರ್ ಒರೆಸಿ ಹೊರಡುವಷ್ಟರಲ್ಲಿ ಅಜ್ಜಿಯೇ ಮೊಮ್ಮಗನ ಕೈ ಹಿಡಿದು ಆಸ್ಪತ್ರೆಯ ಕಡೆಯಿಂದ ಬರುತ್ತಿದ್ದರು. ಹಾಲಿನ ಆಟೋದವನಿಗೆ ಹೇಳಿ ಹುಡುಗನನ್ನೂ ಬೆಳಿಗ್ಗೆಯೇ ಕರೆತಂದು, ಸೊಪ್ಪಿನ ಚೀಲದ ಮೇಲೆ ಮಲಗಿಸಿಕೊಂಡಿದ್ದರಂತೆ. ಚೀಟಿ ನನ್ನ ಕೈಗಿತ್ತು ‘ನೋಡ್ರಿ, ನಾಲ್ಕೂ ಆತು’ ಎಂದರು. ಆಮೇಲೆ ದನಿ ತಗ್ಗಿಸಿದರು.

‘ಮೇಷ್ಟ್ರೇ, ನಮ್ ಬೀದೀಲಿ ಒಬ್ರು ಅದಾರೆ, ನನ್ಗಿಂತ ದೊಡ್ಡೋರು. ಮೊನ್ನೆ ಕಾಲಿಗೆ ಕುಡುಗೋಲು ತಾಗ್ಯತಿ. ಇಂಜೆಕ್ಷನ್ ಬ್ಯಾಡ ಅಂತಾರೆ. ನಾನು ಕೇಳ್ದೆ. ಆಸ್ಪತ್ರೇಲಿ ಎಲ್ಲರೆದ್ರು ಕಾಗ್ದ ಕೊಟ್ಟು ಓದು ಅಂದ್ರೆ ಏನ್ ಮಾಡ್ಲಿ ಅಂತಾರೆ, ಓದಾಕೆ ಬರಲ್ಲ.’

‘ಮತ್ತೆ ನೀವೇನಂದ್ರಿ?’

‘ನಾಳೆ ನನ್ ಜತೆಗೆ ಆಟೋದಾಗೆ ಬರ್ರಿ, ನಂಗೂ ಬರಲ್ಲ ಅಂದೆ.’